ಅನಿಶ್ಚಿತತೆಯ ಹೊರೆ ಯಾರ ಹೆಗಲಿಗೆ?

(‘ಉದ್ಯಮಶೀಲತೆಯ ಸ್ವರೂಪ ಮತ್ತು ಪ್ರಕಾರಗಳು’ ಎಂಬ ವಿಷಯವಾಗಿ ಬಳಗದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯವನ್ನು ಸಂಘಟಕರು ತಿಳಿಸಿದಾಗ ನಾನು ಹಿಂಜರಿದೆ. ಉದ್ಯಮಶೀಲತೆಯ ಬಗ್ಗೆ ಮಾತನಾಡಲು ಉದ್ಯಮದಲ್ಲಿ ಗೆದ್ದವರನ್ನು ಕರೆಯುವುದು ವಾಡಿಕೆ. ನಾನಾದರೋ ಎರಡೂವರೆ ಎಕರೆ ಅಡಿಕೆ ತೋಟದವನು. ಜೀವಮಾನದಲ್ಲಿ ಒಮ್ಮೆ ಮಾತ್ರ ಉದ್ಯಮಕ್ಕೆ ಕೈಹಾಕಿ ಸೋತವನು. ಆ ಕಥೆ ಮುಂದೆ ಬರುತ್ತದೆ.

ಆದರೂ ಒಪ್ಪಿಕೊಂಡೆ. ಅದಕ್ಕೊಂದು ಕಾರಣವಿದೆ. ಕಳೆದ ತಿಂಗಳು ನಮ್ಮೂರಿನ ಇಬ್ಬರು ಕಾಲೇಜು ಹುಡುಗರು ನನ್ನ ಮನೆಯ ಜಗಲಿಗೆ ಬಂದು ಕೂತರು. ಘಟ್ಟದ ಕೆಳಗಿನ ವ್ಯಾಪಾರಿಯೊಬ್ಬರು ಅವರಿಗೆ 40 ಸಾವಿರ ರೂಪಾಯಿ ಮುಂಗಡ ಕೊಡಲು ಮುಂದಾಗಿದ್ದರಂತೆ. ಆಗಸ್ಟ್ ಮುಗಿಯುವುದರೊಳಗೆ 8 ಕ್ವಿಂಟಲ್ ಒಣಗಿದ ಉಪ್ಪಾಗೆ ಸಿಪ್ಪೆಯನ್ನು ಊರಿನಿಂದ ಸಂಗ್ರಹಿಸಿ ಕೊಡಬೇಕು. ದರ, ಮಾಲು ತಲುಪಿದ ದಿನದ ದರ. ತೇವಾಂಶಕ್ಕೆ ಕಡಿತ ಉಂಟು. ತೂಕ ಕಡಿಮೆಯಾದರೆ ಮುಂಗಡದ ಉಳಿಕೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. “ನಾವೂ ಊರಿನಲ್ಲೇ ಇದ್ದು ಏನಾದರೂ ಉದ್ಯಮ ಮಾಡಬೇಕು ಅಂತ ನೀವೇ ಹೇಳ್ತೀರಲ್ಲ, ಮಾವ, ಇದನ್ನು ಹಿಡಿಯಬಹುದೋ?” ಎಂದು ಕೇಳಿದರು. ಆ ದಿನ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಇಬ್ಬರೂ ಇಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಇಂದಿನ ಉಪನ್ಯಾಸವೆಂದರೆ ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರವೇ.

ಮೊದಲು ಪದವನ್ನು ನೋಡೋಣ. ‘ಉದ್ಯಮ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಾರ್ಖಾನೆ, ಕಂಪನಿ ಎಂಬ ಅರ್ಥವಿಲ್ಲ. ಮೇಲಕ್ಕೆತ್ತುವುದು, ಪ್ರಯತ್ನಿಸುವುದು ಎಂಬುದೇ ಅದರ ಮೂಲಾರ್ಥ. ಯಾರು ಏನನ್ನು ಎತ್ತುತ್ತಾರೆ, ಆ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯು ಆ ಶಬ್ದದಲ್ಲೇ ಅಡಗಿದೆಯೆಂದು ನನಗೆ ತೋರುತ್ತದೆ.

ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಯನ್ನು ಮೊದಲಿಗೆ ಸ್ಪಷ್ಟವಾಗಿ ಎತ್ತಿಕೊಂಡವನು ರಿಚರ್ಡ್ ಕ್ಯಾಂಟಿಲಾನ್ ಎಂಬ ಐರಿಷ್ ಮೂಲದ ಲೇವಾದೇವಿಗಾರ. ಪ್ಯಾರಿಸಿನಲ್ಲಿ ವ್ಯವಹಾರ ನಡೆಸಿದ ಅವನ ಪ್ರಬಂಧವು ಅವನು ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ, 1755ರಲ್ಲಿ ಅಚ್ಚಾಯಿತು. ನಿಶ್ಚಿತವಾದ ಬೆಲೆಗೆ ಕೊಂಡು ಅನಿಶ್ಚಿತವಾದ ಬೆಲೆಗೆ ಮಾರುವವನೇ ಉದ್ಯಮಿ ಎಂಬುದು ಅವನ ವಿವರಣೆಯ ಸಾರ. ಗಮನಿಸಬೇಕಾದ ಸಂಗತಿಯೆಂದರೆ, ಅವನು ಕೊಟ್ಟ ಉದಾಹರಣೆಗಳಲ್ಲಿ ಮುಖ್ಯವಾದವನು ರೈತ. ಭೂಮಾಲೀಕನಿಗೆ ಇಂತಿಷ್ಟೆಂದು ಗೇಣಿ ಕೊಡಲು ಒಪ್ಪಿ, ಮಳೆ ಹೇಗೋ ಬೆಲೆ ಹೇಗೋ ತಿಳಿಯದೆ ಬಿತ್ತುವ ರೈತನನ್ನೇ ಅವನು ಉದ್ಯಮಿಯೆಂದು ಕರೆದ. ಭಿಕ್ಷುಕರನ್ನೂ ದರೋಡೆಕೋರರನ್ನೂ ಅದೇ ವರ್ಗಕ್ಕೆ ಸೇರಿಸಿದ. ಅವರ ಆದಾಯವೂ ಅನಿಶ್ಚಿತವಲ್ಲವೆ! ನಗಬೇಡಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಇಪ್ಪತ್ತನೆಯ ಶತಮಾನದಲ್ಲಿ ಆಸ್ಟ್ರಿಯಾದ ಜೋಸೆಫ್ ಶುಂಪೀಟರ್ ಇದಕ್ಕೆ ಬೇರೊಂದು ಅರ್ಥ ಕೊಟ್ಟ. 1911ರ ತನ್ನ ಗ್ರಂಥದಲ್ಲಿ ಅವನು ಹೇಳಿದ್ದು ಹೊಸ ಸಂಯೋಜನೆಗಳ ಬಗ್ಗೆ: ಹೊಸ ಪದಾರ್ಥ, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಹೊಸ ಸಂಘಟನೆ. ಕಾಲೇಜಿನ ಪಠ್ಯಪುಸ್ತಕಗಳಲ್ಲಿ ನೀವು ಓದುವುದು ಹೆಚ್ಚಾಗಿ ಇದನ್ನೇ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವಿಲಿಯಂ ಬೌಮಾಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1990ರಲ್ಲಿ ಬರೆದ ಒಂದು ಲೇಖನ. ಉದ್ಯಮಶೀಲತೆ ಉತ್ಪಾದಕವಾಗಿರಬಹುದು, ಅನುತ್ಪಾದಕವಾಗಿರಬಹುದು, ವಿನಾಶಕವೂ ಆಗಿರಬಹುದು ಎಂದು ಅವನು ವಾದಿಸಿದ. ಸಾಹಸಿಗಳು ಎಲ್ಲ ಸಮಾಜಗಳಲ್ಲೂ ಇರುತ್ತಾರೆ. ಅವರ ಚುರುಕುತನ ಯಾವ ಕಡೆ ಹರಿಯುತ್ತದೆ ಎಂಬುದನ್ನು ಆಟದ ನಿಯಮಗಳು ನಿರ್ಧರಿಸುತ್ತವೆ. ಯಾವುದಕ್ಕೆ ಹಣವೂ ಮರ್ಯಾದೆಯೂ ಸಿಗುತ್ತದೆಯೋ ಆ ಕಡೆ ಜನ ಹರಿಯುತ್ತಾರೆ.

ಮಲೆನಾಡಿನವರಿಗೆ ಉದ್ಯಮಶೀಲತೆಯಿಲ್ಲ, ಸೋಮಾರಿಗಳು, ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂರುವವರು ಎಂಬ ಮಾತನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ಬೌಮಾಲನನ್ನು ಓದಿದ ಮೇಲೆ ಆ ಮಾತು ಸುಳ್ಳೆಂಬುದು ನನಗೆ ಖಚಿತವಾಯಿತು. ನಮ್ಮಲ್ಲಿ ಉದ್ಯಮಶೀಲತೆ ಹೇಗೆ ಉಕ್ಕಿ ಬಂತು, ಬಂದು ಏನು ಮಾಡಿತು ಎಂಬುದನ್ನು ಉಪ್ಪಾಗೆಯೊಂದರಿಂದಲೇ ಹೇಳಬಲ್ಲೆ.

ಉಪ್ಪಾಗೆ ನಮ್ಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದಿಂದ ಎದ್ದ ಸಸಿ ಫಲ ಕೊಡಲು ಹತ್ತು ಹನ್ನೆರಡು ವರ್ಷ ಬೇಕು. ಹಣ್ಣಾಗುವುದು ಹೊರಗೆ ಕಾಲಿಡಲಾಗದ ಮಳೆಗಾಲದಲ್ಲಿ. ನನ್ನ ಬಾಲ್ಯದಲ್ಲಿ ಅಜ್ಜಿ ಕಂಬಳಿಕೊಪ್ಪೆ ಹೊದ್ದು, ಮರದಡಿ ಬಿದ್ದ ಹಣ್ಣನ್ನು ಹೆಡಿಗೆಯಲ್ಲಿ ತುಂಬಿ ತರುತ್ತಿದ್ದಳು. ಸಿಪ್ಪೆ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು, ವರ್ಷವಿಡೀ ಹುಳಿಗೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು. ಬಡವರ ಮನೆಯ ದೋಸೆಗೆ ಅದೇ ತುಪ್ಪ. ಮರದ ಮೇಲಿನದು ಮಂಗಕ್ಕೆ, ಪುನುಗುಬೆಕ್ಕಿಗೆ. ಅವು ತಿಂದು ಉದುರಿಸಿದ ಬೀಜದಿಂದಲೇ ಕಾಡಿನಲ್ಲಿ ಹೊಸ ಸಸಿಗಳು ಏಳುತ್ತಿದ್ದವು.

1990ರ ದಶಕದಲ್ಲಿ ಈ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬೊಜ್ಜು ಕರಗಿಸುತ್ತದೆಂಬ ಪ್ರಚಾರ ಅಮೆರಿಕದಲ್ಲಿ ಎದ್ದಿತು. ಗುಳಿಗೆಗಳು ಬಂದವು. ಹುಳಿಯ ಸಿಪ್ಪೆ ಇದ್ದಕ್ಕಿದ್ದಂತೆ ಚಿನ್ನದ ಸಿಪ್ಪೆಯಾಯಿತು. ಶುಂಪೀಟರ್ ಹೇಳಿದ ಎಲ್ಲ ಲಕ್ಷಣಗಳೂ ಇಲ್ಲಿದ್ದವು: ಹೊಸ ಪದಾರ್ಥ, ಹೊಸ ಮಾರುಕಟ್ಟೆ, ಹೊಸ ಸಂಗ್ರಹ ಜಾಲ. ನಮ್ಮೂರಿನಲ್ಲಿ ಸೋಮಾರಿಯೆಂದು ಹೆಸರಾಗಿದ್ದವನೂ ಬೆಳಿಗ್ಗೆ ನಾಲ್ಕಕ್ಕೆ ಬ್ಯಾಟರಿ ಹಿಡಿದು ಕಾಡಿಗೆ ಹೊರಟ. ಒಣಗಿಸಲು ರಾತ್ರಿಯೆಲ್ಲ ಬೆಂಕಿ ಕಾದ. ಇದಕ್ಕಿಂತ ಹೆಚ್ಚಿನ ಉದ್ಯಮಶೀಲತೆ ಬೇಕೆ?

ಆದರೆ ಆಟದ ನಿಯಮಗಳು ಹೇಗಿದ್ದವು? ಕಾಡಿನ ಉಪ್ಪಾಗೆಯ ಹಕ್ಕನ್ನು ಟೆಂಡರಿನಲ್ಲಿ ಗುತ್ತಿಗೆದಾರನಿಗೆ ಅಲ್ಪಾವಧಿಗೆ ಕೊಡುವುದು ದೀರ್ಘಕಾಲ ನಡೆದುಬಂದ ಪದ್ಧತಿ. ಗುತ್ತಿಗೆ ಮುಗಿದ ಮೇಲೆ ಮರ ಏನಾದರೂ ಗುತ್ತಿಗೆದಾರನಿಗೆ ನಷ್ಟವಿಲ್ಲ. ಕೊಯ್ಯುವವನಿಗೋ, ಇಂದು ತಾನು ಬಿಟ್ಟ ಕಾಯಿ ನಾಳೆ ಪಕ್ಕದೂರಿನವನ ಚೀಲಕ್ಕೆ. ಹಣ್ಣಾಗಲಿ ಎಂದು ಕಾದವನು ದಡ್ಡ. ಜೂನ್ ಮೊದಲ ವಾರವೇ ಎಳೆಗಾಯಿಗೆ ದೋಟಿ ಬಿತ್ತು. ಕೈಗೆಟುಕದ ಕೊಂಬೆಗೆ ಕತ್ತಿ ಬಿತ್ತು. ಜಡಿಮಳೆಯಲ್ಲಿ ಸಿಪ್ಪೆ ಒಣಗಬೇಕಾದರೆ ಕಟ್ಟಿಗೆ ಬೇಕು. ಒಣಸಿಪ್ಪೆಯ ತೂಕಕ್ಕಿಂತ ಹಲವು ಪಾಲು ಹೆಚ್ಚು ತೂಕದ ಕಟ್ಟಿಗೆ. ಅದೂ ಕಾಡಿನಿಂದಲೇ. ಬೊಜ್ಜು ಕರಗಿಸುವ ಗುಳಿಗೆಗಾಗಿ ಕಾಡು ಕರಗಿತು.

ಒಂದು ವಿಚಿತ್ರವನ್ನು ಹೇಳಲೇಬೇಕು. ಅದೇ ಜನ, ಅದೇ ವರ್ಷ, ತಮ್ಮ ಸೊಪ್ಪಿನ ಬೆಟ್ಟದಲ್ಲಿದ್ದ ಉಪ್ಪಾಗೆ ಮರದ ಒಂದು ರೆಂಬೆಯನ್ನೂ ಕಡಿಯಲಿಲ್ಲ. ಬುಡಕ್ಕೆ ಬೇಲಿ ಕಟ್ಟಿದರು, ಹಣ್ಣಾಗುವವರೆಗೆ ಕಾದರು, ಕಸಿ ಗಿಡ ತಂದು ನೆಟ್ಟವರೂ ಇದ್ದಾರೆ. ಮನುಷ್ಯ ಬೇರೆಯಾಗಿರಲಿಲ್ಲ, ಅವನ ಕೈಯ ಕತ್ತಿಯೂ ಬೇರೆಯಾಗಿರಲಿಲ್ಲ. ಬೇಲಿಯ ಈಚೆ ಉತ್ಪಾದಕನಾಗಿದ್ದವನು ಆಚೆ ವಿನಾಶಕನಾದ. ನಮ್ಮ ಚಳವಳಿಯ ಮಿತ್ರರು ಆ ಕಾಲದಲ್ಲಿ ‘ಹಣದಾಸೆ’ ಎಂದು ಜನರನ್ನು ಬೈದು ಕರಪತ್ರ ಹಂಚಿದರು. ನಾನೂ ಹಂಚಿದ್ದೆ. ಈಗ ಯೋಚಿಸಿದರೆ ಆ ಕರಪತ್ರ ಅರ್ಧ ತಪ್ಪು.

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 135 ಮಂದಿ ಸ್ಥೂಲಕಾಯರನ್ನು 12 ವಾರ ಪರೀಕ್ಷಿಸಿ, ಈ ಆಮ್ಲ ಸೇವಿಸಿದವರಿಗೂ ಬರಿಯ ಹುಸಿಗುಳಿಗೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಅದು ಹೇಳಿತು. ಮತ್ತೆ 2012ರಲ್ಲಿ ಅಲ್ಲಿನ ದೂರದರ್ಶನದ ವೈದ್ಯರೊಬ್ಬರು ಇದೇ ಉಪ್ಪಾಗೆಯನ್ನು ಹೊಗಳಿದರು. ಬೇಡಿಕೆ ಮತ್ತೆ ಎದ್ದಿತು. ಏಳು ಸಮುದ್ರದಾಚೆ ಯಾರೋ ಆಡಿದ ಮಾತಿಗೆ ನಮ್ಮ ಕಣಿವೆಯ ಮರದ ಕೊಂಬೆ ಅಲುಗುತ್ತದೆ. ಅನಿಶ್ಚಿತತೆಯೆಂದರೆ ಇದು. ಅದನ್ನು ಹೊತ್ತವರು ಯಾರು? ಗುಳಿಗೆಯ ಕಂಪನಿ ನಾಳೆ ಇನ್ನೊಂದು ಗುಳಿಗೆ ಮಾರುತ್ತದೆ. ಮುಂಗಡ ಕೊಟ್ಟವನು ಬಡ್ಡಿ ಸಹಿತ ವಸೂಲು ಮಾಡುತ್ತಾನೆ. ಉಳಿದವರು ಕೊಯ್ದವನು ಮತ್ತು ಮರ. ಕ್ಯಾಂಟಿಲಾನನ ದರೋಡೆಕೋರ ಸಹ ತನ್ನ ಅನಿಶ್ಚಿತತೆಯನ್ನು ತಾನೇ ಹೊರುತ್ತಿದ್ದ ಎಂಬುದನ್ನು ನೆನಪಿಡಿ.

ಈಗ ನನ್ನ ಸೋಲಿನ ಕಥೆ. ಉಪ್ಪಾಗೆಯ ಗದ್ದಲದಿಂದ ಬೇಸತ್ತು, ಕಾಡಿಗೆ ಹಾನಿಯಿಲ್ಲದ್ದನ್ನು ಮಾಡೋಣವೆಂದು ಒಂದು ವರ್ಷ ಬೆಟ್ಟದ ಮುರುಗಲು ಹಣ್ಣಿನ ಪಾನಕದ ಸಿರಪ್ ತಯಾರಿಸಿದೆ. ನನ್ನ ಹೆಂಡತಿ ಬೇಡವೆಂದಳು, ನಾನು ಕೇಳಲಿಲ್ಲ. 200 ಬಾಟಲಿ. ಪೇಟೆಯ ಅಂಗಡಿಯವರೊಬ್ಬರು ಮಾರಿಕೊಡಲು ಒಪ್ಪಿದರು. ಮಾರಿದರೆ ಹಣ, ಇಲ್ಲದಿದ್ದರೆ ವಾಪಸು. ಸಕ್ಕರೆಯ ಪ್ರಮಾಣದಲ್ಲಿ ನಾನು ಜಿಪುಣತನ ಮಾಡಿದ್ದೆ. ಏಪ್ರಿಲ್ ಬಿಸಿಲಿಗೆ ಹುದುಗೆದ್ದು ಅಂಗಡಿಯ ಕಪಾಟಿನಲ್ಲೇ ಮುಚ್ಚಳಗಳು ಹಾರಿದವು. ಕೆಂಪು ನೀರು ಪಕ್ಕದ ಸೋಪಿನ ಪೆಟ್ಟಿಗೆಗಳ ಮೇಲೆ ಹರಿದು, ಅದರ ದಂಡವನ್ನೂ ತೆತ್ತೆ. ಸಾಲ ತೀರಲು ಎರಡು ಕೊನೆಕೊಯ್ಲು ಹಿಡಿಯಿತು. ಆ ತಪ್ಪು ನನ್ನದೇ, ಅಂಗಡಿಯವರದಲ್ಲ. ಆದರೆ ಒಬ್ಬನೇ ಹೊತ್ತ ತಪ್ಪಿನ ಭಾರ ಎಷ್ಟು ಎಂಬುದು ಆಗ ತಿಳಿಯಿತು. ಇಂಥ ಭಾರವನ್ನು ಹಂಚಿಕೊಳ್ಳಲು ನಮ್ಮ ಹಿರಿಯರು ಮಾರ್ಗ ಕಂಡುಕೊಂಡಿದ್ದರಲ್ಲವೆ ಎಂದು ನೆನಪಾದದ್ದೂ ಆಗಲೇ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅದು ಬಯಲುಸೀಮೆ. ನಮ್ಮ ಘಟ್ಟದಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ. ಅದಕ್ಕೆ ಮುಂಚೆ ಬೆಳೆಗಾರನು ಅಡಿಕೆಯನ್ನು ವಖಾರಿಗೆ ಒಯ್ದರೆ ದರ ಹೇಳುವವನು, ತೂಗುವವನು, ಸಾಲ ಕೊಟ್ಟವನು ಎಲ್ಲ ಒಬ್ಬನೇ. ಸಂಘವು ಮಾಡಿದ್ದು ಇಷ್ಟೇ: ಬೆಳೆಗಾರರ ಅಡಿಕೆಯನ್ನು ಜಾತಿವಾರು ರಾಶಿ ಹಾಕಿ, ವ್ಯಾಪಾರಿಗಳನ್ನು ಕರೆದು ಟೆಂಡರಿನಲ್ಲಿ ದರ ಬರೆಸುವುದು, ದರ ಒಪ್ಪಿಗೆಯಾಗದಿದ್ದರೆ ಕಾಯಲು ಬೆಳೆಗಾರನಿಗೆ ಮುಂಗಡ ಕೊಡುವುದು. ಮುಂಗಡ ಎಂಬ ಪದ ಇಲ್ಲಿಯೂ ಬಂತು. ವ್ಯಾಪಾರಿಯ ಮುಂಗಡ ನಿಮ್ಮನ್ನು ಬೇಗ ಮಾರುವಂತೆ ಮಾಡುತ್ತದೆ. ಸಂಘದ ಮುಂಗಡ ನೀವು ಕಾಯುವಂತೆ ಮಾಡುತ್ತದೆ. ಇದೂ ಶುಂಪೀಟರ್ ಹೇಳಿದ ‘ಹೊಸ ಸಂಘಟನೆ’ಯೇ. ಇದನ್ನು ಉದ್ಯಮಶೀಲತೆಯೆಂದು ಏಕೋ ಯಾರೂ ಕರೆಯುವುದಿಲ್ಲ.

ದಕ್ಷಿಣಕ್ಕೆ ಬಂದರೆ ಕ್ಯಾಂಪ್ಕೊ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಅದು ಸ್ಥಾಪನೆಯಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರದು. ಅದಕ್ಕಿಂತ ಹೆಚ್ಚು ನನ್ನನ್ನು ಆಕರ್ಷಿಸಿದ್ದು ಕೋಕೋ ಪ್ರಸಂಗ. ಅಡಿಕೆ ತೋಟದ ನಡುವೆ ಕೋಕೋ ಬೆಳೆಯಿರಿ, ಕೊಳ್ಳುವವರಿದ್ದಾರೆ ಎಂದು ರೈತರಿಗೆ ಹೇಳಲಾಗಿತ್ತು. ಬೆಳೆದರು. 1980ರ ಹೊತ್ತಿಗೆ ವಿಶ್ವದ ಬೆಲೆ ಇಳಿದಾಗ ಕೊಳ್ಳುವವರು ಹಿಂದೆ ಸರಿದರು. ಅನಿಶ್ಚಿತತೆಯನ್ನೆಲ್ಲ ರೈತನ ಅಂಗಳದಲ್ಲಿ ಇಳಿಸಿ ಹೋದಂತಾಯಿತು. ಎಷ್ಟೋ ಕಡೆ ಗಿಡಗಳನ್ನು ಕಡಿದೇ ಹಾಕಿದರು. ಆಗ ಕ್ಯಾಂಪ್ಕೊ ಕೋಕೋ ಖರೀದಿಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಅಡಿಕೆ ಸುಲಿಯುವವರು ಚಾಕೊಲೇಟ್ ಮಾಡುವುದೆಂದರೆ ಅಂದು ಹಲವರಿಗೆ ನಗೆಯ ವಿಷಯವಾಗಿತ್ತು. ಸಹಕಾರಿ ಸಂಘಗಳೆಲ್ಲ ಪವಿತ್ರವೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಚುನಾವಣೆಗಳನ್ನು ಕಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ತೋಟವಿಲ್ಲದ ಕೂಲಿಯವನಿಗೆ ಅಡಿಕೆಯ ಸಂಘದಲ್ಲಿ ಜಾಗವಿಲ್ಲ ಎಂಬುದೂ ಸತ್ಯ.

ಕಾಡನ್ನೇ ನಂಬಿದವರ ಕಥೆ ಇನ್ನೂ ಕಠಿಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಜೇನು, ನೆಲ್ಲಿ ಮಾರುತ್ತಿದ್ದವರು. 1990ರ ದಶಕದಲ್ಲಿ ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಸ್ಥಳದಲ್ಲೇ ಜೇನು ಸೋಸಿ ತುಂಬುವ, ನೆಲ್ಲಿಯಿಂದ ಉಪ್ಪಿನಕಾಯಿ ಮಾಡುವ ಘಟಕಗಳು ಬಂದವು; ಮರದಲ್ಲಿ ಎಷ್ಟು ಕಾಯಿ ಉಳಿಸಬೇಕೆಂಬ ಲೆಕ್ಕವನ್ನೂ ಅವರು ಇಟ್ಟರು. ಬೇಲಿಯ ಆಚೆಯೂ ಉತ್ಪಾದಕನಾಗಿರಲು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಆದರೆ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಫಲವಾಗಿ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದೇ ನಿಷಿದ್ಧವಾಯಿತು. ಬೆಲೆಯಿಂದಲ್ಲ, ಮಳೆಯಿಂದಲ್ಲ, ಒಂದು ಆದೇಶದಿಂದ ಬಂದ ಅನಿಶ್ಚಿತತೆ ಅದು. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯೋತ್ಪನ್ನದ ಒಡೆತನವನ್ನು ಕಾಡಿನ ಜನರಿಗೆ ಮಾನ್ಯ ಮಾಡಿತು; 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಆಟದ ನಿಯಮವನ್ನು ಬದಲಿಸಲು ಅವರು ಹಾಕಿದ ಶ್ರಮವನ್ನೂ ನಾನು ಉದ್ಯಮವೆಂದೇ ಕರೆಯುತ್ತೇನೆ.

ತಾಯಂದಿರು ಇಲ್ಲಿದ್ದೀರಿ, ಆದ್ದರಿಂದ ಹಿತ್ತಿಲಿನ ಮಾತನ್ನೂ ಹೇಳಬೇಕು. ಹೊಳೆದಂಡೆಯ ಅಪ್ಪೆಮಿಡಿ ಮರಗಳ ಕೊಂಬೆಗಳನ್ನೇ ಕಡಿದು ಮಿಡಿ ಇಳಿಸುವವರು ಬಂದಾಗ, ಒಳ್ಳೆಯ ಮರಗಳ ಕುಡಿ ತಂದು ಕಸಿ ಕಟ್ಟಿ ತೋಟದಂಚಿಗೆ ನೆಟ್ಟವರಿಂದ ಎಷ್ಟೋ ತಳಿಗಳು ಉಳಿದವು. ಅನಂತಭಟ್ಟನ ಅಪ್ಪೆ ಇಂದು ಊರೂರಿನ ತೋಟಗಳಲ್ಲಿ ಬೆಳೆದಿದ್ದರೆ ಅದು ಕಸಿಗಾರರ ಉದ್ಯಮ. ಶಿರಸಿಯಲ್ಲಿ 2001ರಲ್ಲಿ ಆರಂಭವಾದ ವನಸ್ತ್ರೀ ಬಳಗದ ಮಹಿಳೆಯರು ಹಿತ್ತಿಲ ತರಕಾರಿ ಬೀಜಗಳನ್ನು ಉಳಿಸಿ, ಹಂಚಿ, ಮಾರುತ್ತಾರೆ. ಹಲಸಿನ ಹಪ್ಪಳದ ಕಥೆ ನಿಮಗೇ ಹೆಚ್ಚು ಗೊತ್ತು. ಒಂದು ಹಿತ್ತಿಲಲ್ಲಿ ಹೀರೆ ಕೆಟ್ಟರೆ ಇನ್ನೊಂದು ಹಿತ್ತಿಲ ಬೀಜವಿರುತ್ತದೆ. ಬ್ಯಾಂಕಿನವರು ಇದನ್ನು ಯೋಜನಾ ವರದಿಯಲ್ಲಿ ಬರೆದು ತನ್ನಿ ಎನ್ನುತ್ತಾರೆ. ಬರೆಯುವುದು ಹೇಗೆಂದು ನನಗೂ ತಿಳಿಯದು.

ಇನ್ನು ಮೂರನೆಯ ಸಾಲಿನ ನಮ್ಮ ಹುಡುಗರ ಕಾಗದಕ್ಕೆ ಬರೋಣ. ಅದನ್ನು ಕ್ಯಾಂಟಿಲಾನನ ಕನ್ನಡಕ ಹಾಕಿ ಓದಿ ನೋಡಿ. ತೂಕ ನಿಶ್ಚಿತ: 8 ಕ್ವಿಂಟಲ್. ದಿನಾಂಕ ನಿಶ್ಚಿತ. ಮುಂಗಡದ ಬಡ್ಡಿ ನಿಶ್ಚಿತ. ಅನಿಶ್ಚಿತವಾದುದು ಫಸಲು, ಮಳೆ, ತೇವಾಂಶ, ದರ. ನಾಲ್ಕೂ ನಿಮ್ಮ ಪಾಲಿಗೆ. ಉದ್ಯಮಿ ಎಂಬ ಹೆಸರು ವ್ಯಾಪಾರಿಯದು, ಉದ್ಯಮದ ಭಾರ ನಿಮ್ಮದು. ಜುಲೈ ಕೊನೆಗೆ ಇನ್ನೂ 3 ಕ್ವಿಂಟಲ್ ಕಡಿಮೆಯಿದೆ ಎಂದಾಗ ನೀವು ಏನು ಮಾಡುತ್ತೀರಿ? ಒಳ್ಳೆಯ ಹುಡುಗರು ನೀವು. ಆದರೂ ಕತ್ತಿ ಹಿಡಿಯುತ್ತೀರಿ. ನಾನಾಗಿದ್ದರೂ ಹಿಡಿಯುತ್ತಿದ್ದೆ.

ಹಾಗೆಂದು ಬಿಡಿ, ಬೆಂಗಳೂರಿಗೆ ಹೋಗಿ ಎನ್ನಲಾರೆ. ಆ ಸಿಪ್ಪೆಗೆ ಬೆಲೆಯಿರುವುದು ನಿಜ, ನಿಮಗೆ ದುಡಿಯುವ ಮನಸ್ಸಿರುವುದೂ ನಿಜ. ಮೊನ್ನೆ ನಾನು ಊರಿನ ಏಳು ಮನೆಗಳಿಗೆ ಹೋಗಿ ಬಂದೆ. ಬೆಟ್ಟದಲ್ಲಿ ಉಪ್ಪಾಗೆಯಿರುವವರು ಐದು ಮಂದಿ. ಸಿಪ್ಪೆಯನ್ನು ಒಟ್ಟಿಗೆ ಒಣಗಿಸಿ, ಒಟ್ಟಿಗೆ ತೂಗಿ, ಮೂವರು ವ್ಯಾಪಾರಿಗಳನ್ನು ಕರೆದು ದರ ಕೇಳೋಣವೆಂದರೆ ನಾಲ್ವರು ಒಪ್ಪಿದ್ದಾರೆ. ಐದನೆಯವರು ಯೋಚಿಸಿ ಹೇಳುತ್ತೇನೆಂದರು. ಅವರಿಗೂ ನನಗೂ ಹಳೆಯ ಗಡಿ ತಗಾದೆಯಿದೆ, ಆದ್ದರಿಂದ ನೀವೇ ಹೋಗಿ ಮಾತನಾಡುವುದು ಒಳಿತು. ಕಟ್ಟಿಗೆ ಕಡಿಮೆ ಬೇಡುವ ಸುಧಾರಿತ ಒಣಗಿಸುವ ಒಲೆ ಶಿರಸಿ ಕಡೆ ಕೆಲವರ ಮನೆಯಲ್ಲಿದೆ, ನೋಡಿ ಬರಬೇಕು. ಕಾಡಿನ ಮರಗಳ ವಿಷಯ ಬೇರೆ. ಅವುಗಳಿಗೆ ಕೊಯ್ಲಿನ ದಿನ ಗೊತ್ತುಪಡಿಸಬೇಕೆಂದು, ಹಣ್ಣಾಗುವ ಮುಂಚೆ ಯಾರೂ ದೋಟಿ ಎತ್ತಬಾರದೆಂದು ಗ್ರಾಮಸಭೆಯಲ್ಲಿ ಬರೆಸಬೇಕು, ಪಕ್ಕದೂರಿನವರನ್ನೂ ಕರೆಯಬೇಕು. ಅದು ಒಂದು ಮಳೆಗಾಲದಲ್ಲಿ ಆಗುವ ಕೆಲಸವಲ್ಲ. ಈ ವರ್ಷ ಬೆಟ್ಟದ ಮರಗಳಿಂದ 8 ಕ್ವಿಂಟಲ್ ಆಗುವುದಿಲ್ಲ. ಎರಡೂವರೆ, ಹೆಚ್ಚೆಂದರೆ ಮೂರು.

ಮುಂಗಡದ ಕಾಗದಕ್ಕೆ ಸಹಿ ಹಾಕಲು ಅವರು ಕೊಟ್ಟ ಗಡುವು ಬರುವ ಸೋಮವಾರವಂತೆ. ಭಾನುವಾರ ಸಂಜೆ ನಾಲ್ಕೂ ಮನೆಯವರು ನಮ್ಮ ಜಗಲಿಯಲ್ಲಿ ಸೇರುತ್ತಿದ್ದಾರೆ. ನೀವಿಬ್ಬರೂ ಬನ್ನಿ, ಲೆಕ್ಕ ಬರೆಯಲು ಒಂದು ಪುಸ್ತಕ ತನ್ನಿ. ಈಗ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು.